ಹಳೇ ಬಿಎಂಡಬ್ಲ್ಯು ಬಾಕ್ಸರ್ ಕೊಳ್ಳುವವರಿಗೆ: ಕಾಗದ ಮೊದಲು, ಇಂಜಿನ್ ಸದ್ದು ಆಮೇಲೆ

ಜರ್ಮನಿಯಲ್ಲಿ ಕೆಲಸಕ್ಕಿರುವ ನಮ್ಮವರು ಹಳೇ ಬಿಎಂಡಬ್ಲ್ಯು ಬೈಕು ಕೊಂಡು ಪೆಟ್ಟು ತಿನ್ನುವ ರೀತಿ ಹೆಚ್ಚುಕಡಿಮೆ ಒಂದೇ. ಜಾಹೀರಾತು ನೋಡುತ್ತಾರೆ, ಶನಿವಾರ ಬೆಳಿಗ್ಗೆ ರೈಲು ಹತ್ತುತ್ತಾರೆ, ಮಾರುವವರು ಗಾಡಿ ಸ್ಟಾರ್ಟ್ ಮಾಡಿ ತೋರಿಸುತ್ತಾರೆ. ಆ ಸದ್ದು ಕಿವಿಗೆ ಬಿತ್ತೋ, ಮುಗೀತು. ಆಮೇಲೆ ಕಾಗದ, ನಂಬರು, ಸೋರಿಕೆ ನೋಡುವುದೆಲ್ಲ ಬರೀ ಶಾಸ್ತ್ರಕ್ಕೆ. ಮನಸ್ಸು ಆಗಲೇ ದುಡ್ಡು ಎಣಿಸಿಬಿಟ್ಟಿರುತ್ತದೆ.

ಆದ್ದರಿಂದ ಇಲ್ಲಿ ಹೇಳುವುದೆಲ್ಲ ಕ್ರಮದ ಬಗ್ಗೆ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ನೋಡಿದ ಮೇಲೆ ವಾಪಸ್ ರೈಲು ಹತ್ತಬೇಕು. ಗಾಡಿಗಳು 1969ರಿಂದ 1980ರ ದಶಕದ ನಡುವಿನವರೆಗೆ ಬರ್ಲಿನ್‌ನ ಸ್ಪಾಂಡೌ ಕಾರ್ಖಾನೆಯಿಂದ ಹೊರಬಂದ, ಗಾಳಿಯಿಂದ ತಣಿಯುವ, ಎರಡು ಸಿಲಿಂಡರು ಎದುರುಬದುರಾಗಿ ಪಕ್ಕಕ್ಕೆ ಚಾಚಿರುವ ಬಾಕ್ಸರ್‌ಗಳು: /5, /6, /7 ಸರಣಿ, ಆರ್ 45, ಆರ್ 65, ಆರ್ 80 ಜಿ/ಎಸ್. ಜುಂಡಾಪ್, ಎನ್‌ಎಸ್‌ಯು ತರದ ಬೇರೆ ಹಳೇ ಜರ್ಮನ್ ಬೈಕು ಹುಡುಕುತ್ತಿದ್ದರೆ ಕಾಗದದ ಹಂತಗಳು ನಿಮಗೂ ಅನ್ವಯ, ಇಂಜಿನ್ ಹಂತಗಳು ಅಲ್ಲ.

ಜೊತೆಗೆ ಒಯ್ಯಬೇಕಾದ ಸಾಮಾನು

ಒಳ್ಳೆ ಟಾರ್ಚು, ಮಲ್ಟಿಮೀಟರ್, 21 ಎಂಎಂ ಪ್ಲಗ್ ಸ್ಪಾನರ್, ಕಂಪ್ರೆಷನ್ ಗೇಜ್, ಚಿಕ್ಕ ಅಯಸ್ಕಾಂತ, ಬಿಳಿ ಬಟ್ಟೆ ಅಥವಾ ಟಿಶ್ಯೂ, ಕೈಗವಸು, ಹಳೇ ಟೀ ಶರ್ಟು. ನೆಲದ ಮೇಲೆ ಮಲಗಿ ನೋಡಬೇಕಾಗುತ್ತದೆ, ಒಳ್ಳೆ ಬಟ್ಟೆ ಹಾಕಿಕೊಂಡು ಹೋದರೆ ನೀವು ಮಲಗಲ್ಲ. ಸಾಧ್ಯವಾದರೆ ಒಬ್ಬ ಸ್ನೇಹಿತರನ್ನು ಕರೆದುಕೊಂಡು ಹೋಗಿ. ಬೈಕಿನ ಹುಚ್ಚು ಇಲ್ಲದವರಾದರೆ ಇನ್ನೂ ಒಳ್ಳೆಯದು.

ಹಂತ 1: ನಿಮ್ಮ ಲೈಸೆನ್ಸಿಗೆ ಹೊಂದುವ ಗಾಡಿ ಯಾವುದು?

ಭಾರತದ ಲೈಸೆನ್ಸು ಜರ್ಮನಿಯಲ್ಲಿ ವಾಸ ಶುರು ಮಾಡಿದ ಮೇಲೆ 6 ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಬರೆದು ಬದಲಾಯಿಸಿಕೊಳ್ಳಬೇಕು. ಕಾರಿನ ಲೈಸೆನ್ಸು ಸಾಲದು, ಬೈಕಿಗೆ ಎ ಅಥವಾ ಎ2 ದರ್ಜೆ ಬೇಕು.

ಎ2 ದರ್ಜೆ ಇರುವವರಿಗೆ ಮಿತಿ 35 ಕಿಲೋವ್ಯಾಟ್, ಅಂದರೆ ಸುಮಾರು 48 ಅಶ್ವಶಕ್ತಿ. ಆರ್ 60/5 ಮತ್ತು ಆರ್ 60/6 ಎರಡೂ 40 ಅಶ್ವಶಕ್ತಿ, ಹಾಗಾಗಿ ತೊಂದರೆ ಇಲ್ಲ. ಆರ್ 45 ಇನ್ನೂ ಕಮ್ಮಿ. ಆರ್ 75/5 ಮಾತ್ರ 50 ಅಶ್ವಶಕ್ತಿ, ಮಿತಿ ದಾಟಿತು. ಎರಡೇ ಅಶ್ವಶಕ್ತಿ ತಾನೇ ಅಂದುಕೊಳ್ಳಬೇಡಿ, ವಿಮೆಯವರು ಹಾಗೆ ಅಂದುಕೊಳ್ಳಲ್ಲ.

ಮೊದಲ ಹಳೇ ಬೈಕಿಗೆ ನನ್ನ ಮತ ಆರ್ 60/6ಕ್ಕೆ. ವೇಗ ಕಮ್ಮಿ ಅಂತ ಸಂಗ್ರಾಹಕರು ಅದರ ಕಡೆ ಅಷ್ಟು ನೋಡುವುದಿಲ್ಲ. ಹಾಗಾಗಿ ನಕಲಿ ಮಾಡುವ ಶ್ರಮವನ್ನೂ ಯಾರೂ ತೆಗೆದುಕೊಳ್ಳುವುದಿಲ್ಲ.

ಹಂತ 2: ಜಾಹೀರಾತು ಓದುವುದು, ಮೆಸೇಜು ಕಳಿಸುವುದು

ಹೆಚ್ಚಿನ ಗಾಡಿಗಳು ಕ್ಲೈನ್‌ಆನ್‌ತ್ಸೈಗೆನ್ ಮತ್ತು ಮೊಬಿಲೆ ತಾಣಗಳಲ್ಲಿ ಸಿಗುತ್ತವೆ. ಅಕ್ಟೋಬರ್‌ನಲ್ಲಿ ಮ್ಯಾನ್‌ಹೈಮ್‌ನ ವೆಟೆರಾಮ ಸಂತೆಗೆ ಹೋದರೆ ಬಿಡಿಭಾಗಗಳ ಬೆಲೆಯ ಅಂದಾಜು ಸಿಗುತ್ತದೆ. ಆದರೆ ಮೊದಲ ಗಾಡಿಯನ್ನು ಸಂತೆಯಲ್ಲಿ ಕೊಳ್ಳಬೇಡಿ. ಅಲ್ಲಿ ಓಡಿಸಿ ನೋಡುವುದು ಕಷ್ಟ.

"ಶೊಯ್ನೆನ್‌ಫುಂಡ್" ಅಂತ ಬರೆದಿದ್ದರೆ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತ ಗಾಡಿ. ಬ್ರೇಕು, ಟ್ಯಾಂಕು, ಕಾರ್ಬೊರೇಟರ್, ಸೀಲು ಎಲ್ಲದರ ಖರ್ಚು ನಿಮ್ಮದು. "ಬಾಸ್ಟ್ಲರ್" ಅಂತ ಇದ್ದರೆ ಕೈಯಲ್ಲಿ ಸ್ಪಾನರ್ ಹಿಡಿದವರಿಗೆ ಮಾತ್ರ. "ಟ್ಯೂಫ್ ನೊಯ್" ಅಂದರೆ ಎರಡು ವರ್ಷಕ್ಕೊಮ್ಮೆ ಆಗುವ ಕಡ್ಡಾಯ ತಪಾಸಣೆ ಈಗಷ್ಟೇ ಆಗಿದೆ. ಬ್ರೇಕು, ಲೈಟು, ಟೈರು ಸುರಕ್ಷಿತ ಅನ್ನುವುದಕ್ಕೆ ಅದು ಸಾಕ್ಷಿ. ಇಂಜಿನ್ ಒಳಗೆ ಏನಿದೆ ಅಂತ ಅವರು ಬಿಚ್ಚಿ ನೋಡುವುದಿಲ್ಲ.

ಹೊರಡುವ ಮುಂಚೆ ಮೂರು ಕೇಳಿ. ಫ್ರೇಮ್ ನಂಬರಿನ ಫೋಟೊ. ಇಂಜಿನ್ ನಂಬರಿನ ಫೋಟೊ. ಮತ್ತೆ ಒಂದು ವಿನಂತಿ: "ನಾನು ಬರುವ ತನಕ ದಯವಿಟ್ಟು ಗಾಡಿ ಸ್ಟಾರ್ಟ್ ಮಾಡಬೇಡಿ." ಈ ಮೂರಕ್ಕೂ ಸಲೀಸಾಗಿ ಒಪ್ಪಿದವರ ಮನೆಗೆ ಹೋಗಿ.

ಅಪಾಯದ ಗುರುತು: ಬೆಲೆ ನಂಬಲಾಗದಷ್ಟು ಕಮ್ಮಿ, ಮಾಲೀಕರು ವಿದೇಶದಲ್ಲಿದ್ದಾರಂತೆ, ಗಾಡಿ ಸಾಗಣೆ ಕಂಪನಿಯ ಬಳಿ ಇದೆಯಂತೆ, ಮುಂಗಡ ಕೊಟ್ಟರೆ ಮನೆಗೇ ಕಳಿಸುತ್ತಾರಂತೆ. ಇದು ಹಳೇ ಮೋಸ. ಗಾಡಿ ಮುಟ್ಟಿ ನೋಡದೆ ಒಂದು ಯೂರೊ ಕೂಡ ಕಳಿಸಬೇಡಿ.

ಹಂತ 3: ಕಾಗದ

ಮನೆಗೆ ಹೋದ ಕೂಡಲೇ ಗ್ಯಾರೇಜಿಗೆ ನುಗ್ಗಬೇಡಿ. ಕಾಫಿ ಕೊಟ್ಟರೆ ಕುಡಿಯಿರಿ, ಕಾಗದ ಟೇಬಲ್ ಮೇಲೆ ಬರಲಿ.

ಮುಖ್ಯವಾದದ್ದು ಮಾಲೀಕತ್ವದ ಕಾಗದ. 2005ರ ಅಕ್ಟೋಬರ್ 1ರ ಹಿಂದಿನದಾದರೆ ಅದನ್ನು ಫಾರ್‌ಟ್ಸೊಯ್ಗ್‌ಬ್ರೀಫ್ ಅನ್ನುತ್ತಾರೆ. ಆಮೇಲಿನದು ತ್ಸೂಲಾಸುಂಗ್ಸ್‌ಬೆಶೈನಿಗುಂಗ್ ಟೈಲ್ 2. ಬಾಯಿ ಮಾತಿನಲ್ಲಿ ಎರಡೂ "ಬ್ರೀಫ್". ಬ್ರೀಫ್‌ನಲ್ಲಿರುವ ಹೆಸರು ಮತ್ತು ಎದುರಿಗೆ ಕೂತವರ ಗುರುತಿನ ಚೀಟಿಯ ಹೆಸರು ಒಂದೇ ಇರಬೇಕು. ತಂದೆ ತೀರಿಕೊಂಡು ಮಗ ಮಾರುತ್ತಿದ್ದರೆ ವಾರಸುದಾರಿಕೆಯ ಪತ್ರ ಕೇಳಿ. ಸಂಕೋಚ ಬೇಡ, ಇಲ್ಲಿ ಇದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಬ್ರೀಫ್ ಕಳೆದುಹೋಗಿದೆ ಅಂದರೆ? ಹೊಸದು ಮಾಡಿಸುವ ದಾರಿ ಇದೆ. ಅದನ್ನು ಮಾರುವವರೇ ನೋಂದಣಿ ಕಚೇರಿಯಲ್ಲಿ ಮಾಡಿಸಲಿ. "ನೀವೇ ಮಾಡಿಸಿಕೊಳ್ಳಿ, ಬೆಲೆ ಇಳಿಸುತ್ತೇನೆ" ಅನ್ನುವುದಕ್ಕೆ ಒಪ್ಪಬೇಡಿ.

ಹಳೇ ತಪಾಸಣೆ ವರದಿಗಳು ಇದ್ದರೆ ಹಬ್ಬ. ಪ್ರತಿ ವರದಿಯಲ್ಲೂ ಆ ದಿನದ ಕಿಲೋಮೀಟರ್ ಬರೆದಿರುತ್ತಾರೆ. ದಿನಾಂಕದ ಪ್ರಕಾರ ಜೋಡಿಸಿ ಓದಿ. ಈ ಕಾಲದ ಮೀಟರುಗಳಲ್ಲಿ ಸಾಮಾನ್ಯವಾಗಿ ಐದೇ ಅಂಕಿ, ಒಂದು ಲಕ್ಷ ದಾಟಿದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಮೀಟರ್ 38,000 ತೋರಿಸುತ್ತಿದ್ದು, ಹತ್ತು ವರ್ಷ ಹಿಂದಿನ ವರದಿಯಲ್ಲಿ 91,000 ಇದ್ದರೆ, ಗಾಡಿ ಓಡಿರುವುದು ಕಮ್ಮಿ ಅಂದರೂ 1,38,000. ಅದು ತಪ್ಪೇನಲ್ಲ, ಈ ಇಂಜಿನ್‌ಗಳು ಅಷ್ಟು ಓಡುತ್ತವೆ. ಆದರೆ 38,000ದ ಬೆಲೆ ಕೊಡಬೇಡಿ.

ಮೀಟರಿನಲ್ಲಿ ಮೈಲಿ ಲೆಕ್ಕ, ಬದಿಗಳಲ್ಲಿ ರಿಫ್ಲೆಕ್ಟರ್, ಎತ್ತರದ ಹ್ಯಾಂಡಲ್ ಕಂಡರೆ ಅಮೆರಿಕದಿಂದ ವಾಪಸ್ ಬಂದ ಗಾಡಿ ಇರಬಹುದು. ಜರ್ಮನ್ ಬ್ರೀಫ್ ಇನ್ನೂ ಆಗಿಲ್ಲದಿದ್ದರೆ ಕಸ್ಟಮ್ಸ್ ಕಟ್ಟಿದ ಪುರಾವೆ ಬೇಕು, ಪೂರ್ತಿ ತಾಂತ್ರಿಕ ಪರೀಕ್ಷೆಯೂ ಬೇಕು. ಮೊದಲ ಸಲಕ್ಕೆ ಈ ತಲೆನೋವು ಬೇಡ.

ಹಂತ 4: ನಂಬರುಗಳು

ಈಗ ಗ್ಯಾರೇಜಿಗೆ ಹೋಗಬಹುದು. ಫ್ರೇಮ್ ನಂಬರು ಹ್ಯಾಂಡಲ್ ಕೂರುವ ಕಂಬದ ಬಳಿ ಕೊರೆದಿರುತ್ತದೆ, ಅಲ್ಲೇ ಒಂದು ತಗಡಿನ ಪಟ್ಟಿಯೂ ಇರುತ್ತದೆ. ಇಂಜಿನ್ ನಂಬರು ಎಡಗಡೆ, ಆಯಿಲ್ ಅಳೆಯುವ ಕಡ್ಡಿಯ ಹತ್ತಿರ. 1970ರ ದಶಕದ ಗಾಡಿಗಳಲ್ಲಿ ಕಾರ್ಖಾನೆಯಿಂದ ಬರುವಾಗ ಎರಡೂ ಒಂದೇ ನಂಬರು. ಬಿಳಿ ಬಟ್ಟೆಯಿಂದ ಜಿಡ್ಡು ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ಒಂದೊಂದೇ ಅಂಕಿ ಓದಿ. ನೇರವಾಗಿ ಬೆಳಕು ಬಿಟ್ಟರೆ ಉಜ್ಜಿ ಮತ್ತೆ ಕೊರೆದಿರುವುದು ಕಾಣುವುದಿಲ್ಲ. ಓರೆ ಬೆಳಕಿನಲ್ಲಿ ಅಂಕಿಗಳ ಸುತ್ತ ತಗ್ಗು, ಗೀರು ಎದ್ದು ಕಾಣುತ್ತವೆ.

ಎರಡು ನಂಬರು ಬೇರೆ ಇದ್ದರೆ ಗಾಡಿ ಓಡಿಸುವುದಕ್ಕೆ ತೊಂದರೆ ಇಲ್ಲ, ಸಂಗ್ರಹದ ಬೆಲೆ ಮಾತ್ರ ಇಳಿಯುತ್ತದೆ. ಫ್ರೇಮ್ ನಂಬರು ಮತ್ತು ಬ್ರೀಫ್ ಬೇರೆ ಇದ್ದರೆ ಅಲ್ಲಿಗೇ ನಿಲ್ಲಿಸಿ, ನಮಸ್ಕಾರ ಹೇಳಿ ಬನ್ನಿ.

ದುಬಾರಿ ಮಾದರಿಗಳಲ್ಲಿ ವೇಷ ಬದಲಾಯಿಸಿದ ಗಾಡಿಗಳು ಜಾಸ್ತಿ. ಆರ್ 90/6ಕ್ಕೆ ಹೆಡ್‌ಲೈಟ್ ಸುತ್ತಲಿನ ಮುಖವಾಡ, ಬಣ್ಣ, ಡೆಲ್ಲೋರ್ಟೊ ಕಂಪನಿಯ ಕಾರ್ಬೊರೇಟರ್ ಹಾಕಿ ಆರ್ 90 ಎಸ್ ಅನ್ನುತ್ತಾರೆ. ಆರ್ 80 ಎಸ್‌ಟಿಯನ್ನು ಆರ್ 80 ಜಿ/ಎಸ್ ಮಾಡುತ್ತಾರೆ. ಅಂಥದ್ದಾದರೆ ಮ್ಯೂನಿಕ್‌ನ ಬಿಎಂಡಬ್ಲ್ಯು ಗ್ರೂಪ್ ಕ್ಲಾಸಿಕ್‌ನ ದಾಖಲೆ ವಿಭಾಗದಿಂದ ಬಂದ ಪ್ರಮಾಣಪತ್ರ ಕೇಳಿ. ಆ ಫ್ರೇಮ್ ನಂಬರಿನ ಗಾಡಿ ಯಾವ ಮಾದರಿಯಾಗಿ, ಯಾವಾಗ ತಯಾರಾಯಿತು ಅಂತ ಅದರಲ್ಲಿ ಇರುತ್ತದೆ. ಪತ್ರ ಇಲ್ಲ ಅಂದರೆ ಸಾಮಾನ್ಯ ಮಾದರಿಯ ಬೆಲೆಯಿಂದ ಮಾತು ಶುರು ಮಾಡಿ.

ಹಂತ 5: ತಣ್ಣಗಿರುವಾಗಲೇ ಮೈ ಮುಟ್ಟಿ ನೋಡುವುದು

ಎರಡೂ ಸಿಲಿಂಡರಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನಿಮ್ಮ ವಿನಂತಿಯನ್ನು ಅವರು ಪಾಲಿಸಿಲ್ಲ. ಕಾರಣ ಕೇಳಿ. ತಣ್ಣಗೆ ಸರಿಯಾಗಿ ಸ್ಟಾರ್ಟ್ ಆಗದ ಗಾಡಿಯನ್ನು ಮೊದಲೇ ಬಿಸಿ ಮಾಡಿಡುವುದು ಹಳೇ ಉಪಾಯ.

ಈಗ ಕ್ರಮವಾಗಿ ಸುತ್ತು ಬನ್ನಿ.

ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚು ಬಿಡಿ. ಒಳಗೆ ಕೆಂಪು ತುಕ್ಕಿನ ಪುಡಿ ಇದೆಯೇ ನೋಡಿ. ಒಳಗೋಡೆಗೆ ಬಳಿದ ಲೇಪ ಸಿಪ್ಪೆ ಏಳುತ್ತಿದ್ದರೆ ಅದು ತುಕ್ಕಿಗಿಂತ ಕೆಟ್ಟದ್ದು, ಕಾರ್ಬೊರೇಟರಿನ ರಂಧ್ರಗಳನ್ನೆಲ್ಲ ಮುಚ್ಚುತ್ತದೆ. ಟ್ಯಾಂಕಿನ ಹೊರಗೆ ಅಯಸ್ಕಾಂತ ಓಡಿಸಿ. ಎಲ್ಲೋ ಒಂದು ಕಡೆ ಹಿಡಿಯದಿದ್ದರೆ ಅಲ್ಲಿ ಪುಟ್ಟಿ ತುಂಬಿದ್ದಾರೆ.

ಸೈಲೆನ್ಸರ್ ಪೈಪು ಸಿಲಿಂಡರ್ ಹೆಡ್ಡಿಗೆ ಸೇರುವಲ್ಲಿ ರೆಕ್ಕೆಗಳಿರುವ ದೊಡ್ಡ ನಟ್ಟು ಇದೆ. ವರ್ಷಗಟ್ಟಲೆ ಬಿಚ್ಚದಿದ್ದರೆ ಅದು ಹೆಡ್ಡಿಗೇ ಅಂಟಿಕೊಳ್ಳುತ್ತದೆ. ಬಲವಂತವಾಗಿ ತಿರುಗಿಸಿದರೆ ಹೆಡ್ಡಿನ ಮರೆ ಕಿತ್ತು ಬರುತ್ತದೆ, ರಿಪೇರಿ ದುಬಾರಿ. ರೆಕ್ಕೆಗಳು ಮುರಿದಿದ್ದರೆ, ಸುತ್ತಿಗೆ ಏಟಿನ ಗುರುತಿದ್ದರೆ ಯಾರೋ ಅಲ್ಲಿ ಒದ್ದಾಡಿದ್ದಾರೆ.

ನೆಲಕ್ಕೆ ಮಲಗಿ ಸಿಲಿಂಡರುಗಳ ಕೆಳಗೆ ನೋಡಿ. ಪುಶ್‌ರಾಡ್ ಕೊಳವೆಗಳ ಬುಡದ ರಬ್ಬರ್ ಸೀಲು ಗಟ್ಟಿಯಾಗಿ ಸ್ವಲ್ಪ ಆಯಿಲ್ ಜಿನುಗುವುದು ಮಾಮೂಲಿ. ಅದಕ್ಕೆ ಹೆದರಬೇಡಿ, ಚೌಕಾಸಿಗೆ ಇಟ್ಟುಕೊಳ್ಳಿ. ಇಂಜಿನ್ನೂ ಗೇರ್ ಬಾಕ್ಸೂ ಸೇರುವ ಜಾಗದಿಂದ ಹನಿ ಬೀಳುತ್ತಿದ್ದರೆ ಮಾತ್ರ ಗಂಭೀರ. ಆ ಸೀಲು ಬದಲಿಸಲು ಗೇರ್ ಬಾಕ್ಸ್, ಕ್ಲಚ್ ಎಲ್ಲಾ ಇಳಿಸಬೇಕು. ಗೇರ್ ಬಾಕ್ಸಿನ ಹಿಂದೆ ಡ್ರೈವ್ ಶಾಫ್ಟಿಗೆ ಮುಚ್ಚಿದ ರಬ್ಬರ್ ತೋಳನ್ನು ಬೆರಳಿನಿಂದ ಒತ್ತಿ, ಸೀಳಿದೆಯೇ ನೋಡಿ.

ಎಲ್ಲರೂ ಬಿಟ್ಟುಬಿಡುವ ಜಾಗ ಹಿಂದಿನ ಚಕ್ರ. ಎರಡು ಶಾಕ್ ಅಬ್ಸಾರ್ಬರ್ ಇರುವ ಮಾದರಿಗಳಲ್ಲಿ ಚಕ್ರದ ಹಬ್ಬಿನೊಳಗೆ ಹಲ್ಲುಗಳಿರುತ್ತವೆ, ಶಾಫ್ಟಿನ ಶಕ್ತಿ ಚಕ್ರಕ್ಕೆ ಹೋಗುವುದು ಅವುಗಳ ಮೂಲಕ. ಟೈರು ಬದಲಿಸಿದಾಗಲೆಲ್ಲ ಗ್ರೀಸ್ ಹಚ್ಚಬೇಕು, ಬಹಳ ಜನ ಹಚ್ಚುವುದಿಲ್ಲ. ಮಾರುವವರು ಒಪ್ಪಿದರೆ ಆಕ್ಸಲ್ ಎಳೆದು ಚಕ್ರ ಇಳಿಸಿ, ದೊಡ್ಡ ಕೆಲಸವೇನಲ್ಲ. ಹಲ್ಲಿನ ತಲೆ ಚಪ್ಪಟೆಯಾಗಿದ್ದು ಗ್ರೀಸ್ ಮೆತ್ತಿದ್ದರೆ ಆ ಗಾಡಿಯನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ. ಗರಗಸದ ಹಾಗೆ ಚೂಪಾಗಿದ್ದು, ಕೆಂಪು ಪುಡಿ ಉದುರುತ್ತಿದ್ದರೆ ಹಬ್ಬೂ ಹೋಯಿತು, ಅದಕ್ಕೆ ಕೂರುವ ಇನ್ನೊಂದು ಭಾಗವೂ ಹೋಯಿತು. ಒಪ್ಪದಿದ್ದರೆ ಸೆಂಟರ್ ಸ್ಟ್ಯಾಂಡ್ ಹಾಕಿ, ಮೊದಲ ಗೇರಿನಲ್ಲಿಟ್ಟು ಚಕ್ರವನ್ನು ಹಿಂದೆ ಮುಂದೆ ಆಡಿಸಿ. ಜಾಸ್ತಿ ಸಡಿಲ ಇದ್ದು ಟಣ್ ಅಂತ ಲೋಹದ ಸದ್ದು ಬಂದರೆ ಅನುಮಾನ ಪಡಿ. ಆರ್ 80 ಜಿ/ಎಸ್‌ನಂಥ ಒಂದೇ ತೋಳಿನ ಗಾಡಿಗಳಲ್ಲಿ ಚಕ್ರವನ್ನು ಬೋಲ್ಟಿನಿಂದ ಬಿಗಿದಿರುವುದರಿಂದ ಈ ಪರೀಕ್ಷೆ ಬೇಕಿಲ್ಲ.

ಮುಂಚಕ್ರ ಮೇಲೆತ್ತಿ ಹ್ಯಾಂಡಲ್ ನಿಧಾನ ತಿರುಗಿಸಿ. ನೇರ ಬಂದಾಗ ಗುಳಿಯಲ್ಲಿ ಕೂತಂತೆ ತಡೆದರೆ ಬೇರಿಂಗ್ ಬದಲಿಸಬೇಕು. ಟೈರಿನ ಬದಿಯ ನಾಲ್ಕು ಅಂಕಿ ಓದಿ, 2314 ಅಂದರೆ 2014ರ 23ನೇ ವಾರ. ಟೈರಿನ ಗೀರು ಎಷ್ಟೇ ಆಳವಾಗಿರಲಿ, ಅಷ್ಟು ಹಳೇ ಟೈರು ಬದಲಿಸುವ ಖರ್ಚು ಬೆಲೆಯಲ್ಲಿ ಕಳೆಯಿರಿ.

ಒಂದು ಎಚ್ಚರಿಕೆ: ಈ ಗಾಡಿಗಳ ಸೈಡ್ ಸ್ಟ್ಯಾಂಡ್ ಭಾರ ತಪ್ಪಿದ ಕೂಡಲೇ ತಾನಾಗಿ ಮಡಚಿಕೊಳ್ಳುವುದುಂಟು. ಬೇರೆಯವರ ಗಾಡಿ ಬೀಳಿಸಿದರೆ ಚೌಕಾಸಿ ಮಾಡುವ ಹಕ್ಕು ಹೋಯಿತು.

ಹಂತ 6: ಕೀ ಹಾಕಿ, ಸ್ಟಾರ್ಟ್ ಮಾಡಬೇಡಿ

ಕೀ ಹಾಕಿದಾಗ ಆಯಿಲ್ ದೀಪ, ಚಾರ್ಜಿಂಗ್ ದೀಪ ಎರಡೂ ಹತ್ತಬೇಕು. ಚಾರ್ಜಿಂಗ್ ದೀಪ ಹತ್ತದಿದ್ದರೆ "ಬಲ್ಬ್ ಹೋಗಿದೆ ಅಷ್ಟೇ" ಅನ್ನುತ್ತಾರೆ. ಅಷ್ಟೇ ಅಲ್ಲ. ಆಲ್ಟರ್ನೇಟರ್ ಚಾರ್ಜ್ ಶುರು ಮಾಡಲು ಬೇಕಾದ ಕರೆಂಟು ಆ ಬಲ್ಬಿನ ಮೂಲಕವೇ ರೋಟರಿಗೆ ಹೋಗುವುದು. ಬಲ್ಬ್ ಸತ್ತರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ರೋಟರಿನ ತಂತಿ ತುಂಡಾದರೂ ದೀಪ ಹತ್ತುವುದಿಲ್ಲ. ಒಂದು ಪುಡಿಗಾಸಿನ ಕೆಲಸ, ಇನ್ನೊಂದು ಅಲ್ಲ. ಯಾವುದು ಅಂತ ಅಲ್ಲೇ ಗೊತ್ತಾಗಬೇಕು.

ಇಂಜಿನ್ ಮುಂದಿನ ಮುಚ್ಚಳ ತೆಗೆದು ತೋರಿಸುತ್ತೇನೆ ಅಂದರೆ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಸಿ. ಇಲ್ಲದಿದ್ದರೆ ಮುಚ್ಚಳ ಒಳಗಿನ ಡಯೋಡ್ ಬೋರ್ಡಿಗೆ ತಾಗಿ ಶಾರ್ಟ್ ಆಗುತ್ತದೆ. ತಂತಿ ಬಿಚ್ಚಿದ ಮೇಲೆ ರೋಟರಿನ ಎರಡು ತಾಮ್ರದ ಉಂಗುರಗಳ ನಡುವೆ ಮಲ್ಟಿಮೀಟರ್ ಇಡಿ. ಸುಮಾರು 3 ಓಮ್‌ನ ಆಸುಪಾಸು ಬಂದರೆ ರೋಟರ್ ಜೀವಂತ.

ಹಂತ 7: ಈಗ ಸ್ಟಾರ್ಟ್

ಪೆಟ್ರೋಲ್ ಕಾಕ್ ತೆರೆದು ಒಂದು ನಿಮಿಷ ಕಾಯಿರಿ. ಕಾರ್ಬೊರೇಟರಿನಿಂದ ಹನಿ ಬೀಳುತ್ತದೆಯೇ ನೋಡಿ. ಆಮೇಲೆ ಚೋಕ್ ಹಾಕಿ ಸ್ಟಾರ್ಟ್ ಮಾಡಿ.

ಸೈಡ್ ಸ್ಟ್ಯಾಂಡ್ ಮೇಲೆ ನಿಂತ ಗಾಡಿ ಎಡಗಡೆಯಿಂದ ಬಿಳಿ ಹೊಗೆ ಬಿಟ್ಟರೆ ಗಾಬರಿ ಬೇಡ, ವಾಲಿದ್ದ ಕಡೆಗೆ ಆಯಿಲ್ ಇಳಿದಿರುತ್ತದೆ. ಸ್ವಲ್ಪ ಹೊತ್ತಿನಲ್ಲಿ ನಿಲ್ಲಬೇಕು. ನಿಂತಲ್ಲೇ ಎಕ್ಸಲರೇಟರ್ ತಿರುಗಿಸಿದರೆ ಗಾಡಿ ಪಕ್ಕಕ್ಕೆ ಓಲಾಡುತ್ತದೆ, ಅದು ಬಾಕ್ಸರಿನ ಹುಟ್ಟುಗುಣ. ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಬಿಸಿಯಾದ ಮೇಲೂ ಐಡ್ಲಿಂಗ್‌ನಲ್ಲಿ ಮಿಣುಕುತ್ತಿದ್ದರೆ ಆ ಗಾಡಿ ಬೇಡ.

ಹೆಡ್ಡಿನಿಂದ ಸಣ್ಣ ಟಿಕ್ ಟಿಕ್ ಇರಲಿ, ಒಳ್ಳೆಯದೇ. ಪೂರ್ತಿ ನಿಶ್ಶಬ್ದ ಅಂದರೆ ವಾಲ್ವ್ ತೀರಾ ಬಿಗಿಯಾಗಿರಬಹುದು. ಇಂಜಿನ್ನಿನ ಮುಂದಿನಿಂದ ಸರಪಳಿ ಅಲುಗಿದ ಸದ್ದು ಬಂದರೆ ಟೈಮಿಂಗ್ ಚೈನ್ ಸವೆದಿದೆ.

ಬ್ಯಾಟರಿಗೆ ಮಲ್ಟಿಮೀಟರ್ ಇಟ್ಟು ಇಂಜಿನ್ ವೇಗ ನಿಮಿಷಕ್ಕೆ 3,000 ಸುತ್ತಿಗೆ ಏರಿಸಿ. 13.5ರಿಂದ 14.2 ವೋಲ್ಟ್ ಬರಬೇಕು. ಐಡ್ಲಿಂಗ್‌ನಲ್ಲಿ ಕಮ್ಮಿ ಇರುವುದು ಸಹಜ.

ಹಂತ 8: ಓಡಿಸುವುದು, ಮತ್ತೆ ಇಳಿದು ನೋಡುವುದು

ಕಮ್ಮಿ ಅಂದರೂ ಅರ್ಧ ಗಂಟೆ ಓಡಿಸಿ, ವಿಮೆ ಇದೆಯೇ ಮೊದಲೇ ಕೇಳಿ. ಗೇರ್ ಬೀಳುವಾಗ ಕಟ್ ಅಂತ ಸದ್ದು ಬರುವುದು ಮಾಮೂಲಿ, ಬಿದ್ದ ಗೇರ್ ಹೊರಗೆ ಹಾರುವುದು ಮಾಮೂಲಿಯಲ್ಲ. ಮೇಲಿನ ಗೇರಿನಲ್ಲಿ ಏರು ರಸ್ತೆಯಲ್ಲಿ ಪೂರ್ತಿ ಎಕ್ಸಲರೇಟರ್ ಕೊಡಿ. ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎಕ್ಸಲರೇಟರ್ ಕೊಟ್ಟಾಗ ಹಿಂಭಾಗ ಮೇಲೇಳುತ್ತದೆ, ಬಿಟ್ಟಾಗ ಕೂರುತ್ತದೆ. ಇದಕ್ಕೇ ಜರ್ಮನ್ನರು ಇದನ್ನು ರಬ್ಬರ್ ಹಸು ಅಂತ ಕರೆಯುವುದು. /5ರ ಡ್ರಮ್ ಬ್ರೇಕು ಈಗಿನ ಗಾಡಿಯ ಹಾಗೆ ಹಿಡಿಯುವುದಿಲ್ಲ, ಆದರೆ ಒಂದು ಕಡೆಗೆ ಎಳೆಯಬಾರದು.

ವಾಪಸ್ ಬಂದ ಮೇಲೆ ಕೆಳಗೆ ಬಿಳಿ ಟಿಶ್ಯೂ ಹಾಸಿ, ಹತ್ತು ನಿಮಿಷ ಬಿಡಿ. ಹನಿ ಎಲ್ಲಿಂದ ಅಂತ ಈಗ ಗೊತ್ತಾಗುತ್ತದೆ. ಒಪ್ಪಿದರೆ ಪ್ಲಗ್ ತೆಗೆದು ಕಂಪ್ರೆಷನ್ ನೋಡಿ. ಅಂಕಿ ಎಷ್ಟು ಅನ್ನುವುದಕ್ಕಿಂತ ಎಡಕ್ಕೂ ಬಲಕ್ಕೂ ಅಂತರ ಎಷ್ಟು ಅನ್ನುವುದು ಮುಖ್ಯ. ಒಂದು ಬಾರ್‌ಗಿಂತ ಜಾಸ್ತಿ ಅಂತರ ಇದ್ದರೆ ಒಂದು ಹೆಡ್ಡಾದರೂ ಬಿಚ್ಚಬೇಕು. 1981ರಿಂದ ಬಂದ ಎಲೆಕ್ಟ್ರಾನಿಕ್ ಇಗ್ನಿಷನ್ ಗಾಡಿಗಳಲ್ಲಿ ತೆಗೆದ ಪ್ಲಗ್ಗುಗಳನ್ನು ಇಂಜಿನ್ ಲೋಹಕ್ಕೆ ತಾಗಿಸಿಯೇ ತಿರುಗಿಸಿ, ಇಲ್ಲದಿದ್ದರೆ ಇಗ್ನಿಷನ್ ಸುಡಬಹುದು.

ಹಂತ 9: ಬೆಲೆ, ಕರಾರು

ನೀವು ಕಂಡ ದೋಷಗಳನ್ನು ಕಾಗದದ ಮೇಲೆ ಬರೆದು, ಬಿಡಿಭಾಗದ ಬೆಲೆ ಎದುರಿಗೆ ಹಾಕಿ ತೋರಿಸಿ. "ಸ್ವಲ್ಪ ಕಮ್ಮಿ ಮಾಡಿ" ಅನ್ನುವ ನಮ್ಮೂರಿನ ಮಾತು ಇಲ್ಲಿ ಜಾಸ್ತಿ ನಡೆಯುವುದಿಲ್ಲ, ಪಟ್ಟಿ ನಡೆಯುತ್ತದೆ.

ಕರಾರಿಗೆ ಜರ್ಮನಿಯ ವಾಹನ ಸವಾರರ ಸಂಘವಾದ ಎಡಿಎಸಿಯ ನಮೂನೆ ಸಾಕು. ಖಾಸಗಿಯವರು ಸಾಮಾನ್ಯವಾಗಿ ಹೊಣೆಗಾರಿಕೆ ಇಲ್ಲ ಅಂತ ಬರೆಸುತ್ತಾರೆ, ಅದು ಕಾನೂನುಬದ್ಧ. ಗೊತ್ತಿದ್ದೂ ಮುಚ್ಚಿಟ್ಟ ದೋಷಕ್ಕೆ ಮಾತ್ರ ಆ ರಕ್ಷಣೆ ಇಲ್ಲ. ಹಾಗಾಗಿ ಅವರು ಬಾಯಲ್ಲಿ ಹೇಳಿದ್ದನ್ನೆಲ್ಲ, "ಇಂಜಿನ್ ರಿಪೇರಿ ಆಗಿದೆ", "ಅಪಘಾತ ಆಗಿಲ್ಲ", ಬರವಣಿಗೆಯಲ್ಲಿ ತನ್ನಿ. ವ್ಯಾಪಾರಿಯಿಂದ ಕೊಂಡರೆ ಹಳೇ ಗಾಡಿಗೂ ಕಮ್ಮಿ ಅಂದರೆ ಒಂದು ವರ್ಷದ ಹೊಣೆ ಅವರದ್ದು. ಫ್ರೇಮ್ ನಂಬರು, ದಿನಾಂಕ, ಜೊತೆಗೆ ಗಾಡಿ ಕೈ ಬದಲಾಯಿಸಿದ ಗಂಟೆ ನಿಮಿಷವನ್ನೂ ಬರೆಯಿರಿ. ದಾರಿಯಲ್ಲಿ ಕ್ಯಾಮೆರಾ ಹೊಡೆದರೆ ದಂಡ ಯಾರದ್ದು ಅನ್ನುವುದು ಅದರಿಂದಲೇ ತೀರ್ಮಾನ.

ಹಂತ 10: ನಂಬರ್ ಪ್ಲೇಟು

ಗಾಡಿ ನೋಂದಣಿಯಿಂದ ಹೊರಗಿದ್ದರೆ ಐದು ದಿನದ ತಾತ್ಕಾಲಿಕ ಪ್ಲೇಟು ಸಿಗುತ್ತದೆ. ಅದಕ್ಕೆ ವಿಮೆ ಕಂಪನಿಯ ಇವಿಬಿ ನಂಬರು, ಅಂದರೆ ವಿಮೆ ಇದೆ ಅನ್ನುವುದಕ್ಕೆ ಅವರು ಕೊಡುವ ಸಂಖ್ಯೆ ಬೇಕು. ತಪಾಸಣೆಯ ಅವಧಿ ಮುಗಿದಿದ್ದರೆ ಎಲ್ಲೆಂದರಲ್ಲಿ ಓಡಿಸುವಂತಿಲ್ಲ. ಆಗ ವ್ಯಾನ್ ಬಾಡಿಗೆಗೆ ತೆಗೆದುಕೊಳ್ಳುವುದೇ ಸಲೀಸು.

30 ವರ್ಷ ದಾಟಿ, ಮೂಲ ರೂಪದಲ್ಲಿರುವ ಗಾಡಿಗೆ ಎಚ್ ಅಕ್ಷರದ ಪ್ಲೇಟು ಸಿಗುತ್ತದೆ. ಎಲ್ಲರೂ ಅದರ ಹಿಂದೆ ಬೀಳುತ್ತಾರೆ, ಲೆಕ್ಕ ಮಾತ್ರ ಹಾಕುವುದಿಲ್ಲ. ಎಚ್ ಇದ್ದರೆ ಬೈಕಿಗೆ ವರ್ಷಕ್ಕೆ ತೆರಿಗೆ 46.02 ಯೂರೊ. ಮಾಮೂಲಿ ಪ್ಲೇಟಿಗೆ ಪ್ರತಿ 25 ಸಿಸಿಗೆ 1.84 ಯೂರೊ. ಆರ್ 60ಕ್ಕೆ ಲೆಕ್ಕ ಹಾಕಿ: 44.16. ಅಂದರೆ ಎಚ್ ಹಾಕಿಸಿದರೆ ತೆರಿಗೆ ಜಾಸ್ತಿ! ಆರ್ 75ಕ್ಕೆ 55.20, ಉಳಿತಾಯ ಒಂಬತ್ತು ಯೂರೊ ಚಿಲ್ಲರೆ. ಆರ್ 100ಕ್ಕೆ 73.60, ಅಲ್ಲಿ ಸ್ವಲ್ಪ ಲಾಭ. ಚಳಿಗಾಲದಲ್ಲಿ ಓಡಿಸದವರಿಗೆ ಕೆಲವು ತಿಂಗಳಿಗಷ್ಟೇ ನಡೆಯುವ ಸೀಸನ್ ಪ್ಲೇಟು ಹೆಚ್ಚು ಉಪಯೋಗ. ಫ್ರೇಮಿನ ಹಿಂಭಾಗ ಕತ್ತರಿಸಿ ಕೆಫೆ ರೇಸರ್ ಮಾಡಿದ ಗಾಡಿಗೆ ಎಚ್ ಸಿಗುವುದು ಕಷ್ಟ. ಆ ಬದಲಾವಣೆ ಕಾಗದದಲ್ಲಿ ದಾಖಲಾಗಿಲ್ಲದಿದ್ದರೆ ತಪಾಸಣೆಯೂ ಪಾಸಾಗದು.

ವಾಪಸ್ ಹೋಗುವಾಗ ಬೆಂಗಳೂರಿಗೆ ಒಯ್ಯುತ್ತೇನೆ ಅಂತ ಕೊಳ್ಳುವವರು ಇದ್ದಾರೆ. ಭಾರತಕ್ಕೆ ಹಳೇ ವಾಹನ ತರುವ ನಿಯಮ ಬಿಗಿ. ವಿಂಟೇಜ್ ಗಾಡಿಗೆ ನಿಯಮವೇ ಬೇರೆ. ದುಡ್ಡು ಕೊಡುವ ಮುಂಚೆಯೇ ಕಸ್ಟಮ್ಸ್ ಏಜೆಂಟರಿಂದ ನಿಮ್ಮ ಗಾಡಿಯ ವರ್ಷ ಹೇಳಿ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ.

ಹಂತ 11: ಮನೆಗೆ ಬಂದ ಮೊದಲ ವಾರ

ಇಂಜಿನ್, ಗೇರ್ ಬಾಕ್ಸ್, ಡ್ರೈವ್ ಶಾಫ್ಟ್, ಹಿಂದಿನ ಡ್ರೈವ್, ನಾಲ್ಕಕ್ಕೂ ಆಯಿಲ್ ಬೇರೆ ಬೇರೆಯಾಗಿ ತುಂಬುವುದು. ನಾಲ್ಕನ್ನೂ ಬದಲಿಸಿ, ಇಳಿದ ಆಯಿಲಿನಲ್ಲಿ ಲೋಹದ ಚೂರು ಇದೆಯೇ ನೋಡಿ. ಆಯಿಲ್ ಫಿಲ್ಟರ್ ಮುಚ್ಚಳದ ಬಿಳಿ ರಬ್ಬರ್ ಉಂಗುರವನ್ನು ಅಂದಾಜಿನ ಮೇಲೆ ಕೂರಿಸಬೇಡಿ. ಆಳ ಅಳೆದು, ಬೇಕಾದಷ್ಟು ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಕೂರಿಸಬೇಕು. ಅಲ್ಲಿ ತಪ್ಪಿದರೆ ಆಯಿಲ್ ಒತ್ತಡ ಇಳಿದು ಕ್ರ್ಯಾಂಕ್ ಬೇರಿಂಗ್ ಸುಡುತ್ತದೆ. ಕೈ ಪಳಗದಿದ್ದರೆ ಈ ಒಂದು ಕೆಲಸವನ್ನು ಬಲ್ಲ ಮೆಕ್ಯಾನಿಕ್ಕಿಗೆ ಕೊಡಿ.

ವಾಲ್ವ್ ಅಂತರವನ್ನು ಇಂಜಿನ್ ತಣ್ಣಗಿರುವಾಗ ಅಳೆಯಿರಿ. /5, /6ಕ್ಕೆ ಇನ್‌ಲೆಟ್ 0.15, ಎಕ್ಸಾಸ್ಟ್ 0.20 ಎಂಎಂ. ಅಂಕಿ ಬರೆದಿಟ್ಟು, 1,000 ಕಿಲೋಮೀಟರ್ ಆದ ಮೇಲೆ ಮತ್ತೆ ಅಳೆಯಿರಿ. ಎಕ್ಸಾಸ್ಟ್ ಅಂತರ ಕಮ್ಮಿಯಾಗುತ್ತಾ ಹೋಗುತ್ತಿದ್ದರೆ ವಾಲ್ವ್ ಸೀಟಿನೊಳಗೆ ಇಳಿಯುತ್ತಿದೆ. ಬೇಸಿಗೆ ಮುಗಿಯುವುದರೊಳಗೆ ಹೆಡ್ಡು ಕೆಲಸಕ್ಕೆ ಹೋಗಬೇಕು.